ನೇರಳೆ ಬೆಳಕು ಆರಿದಾಗ

ನಮ್ಮ ಪ್ರಯೋಗಾಲಯದ ಗಾಜಿನ ಕೊಳವೆಯಲ್ಲಿ ಹುಟ್ಟುವ ಸಿಲಿಕಾನ್ ಹುಡಿಯನ್ನು ಕಂಡರೆ, ಹುರಿದು ಪುಡಿಮಾಡಿದ ಕೊತ್ತಂಬರಿಯೆಂದು ನೀವು ಸಾರಿಗೆ ಹಾಕಲು ಹೊರಟೀರಿ. ಕಣ್ಣಿಗೆ ನಿಲುಕದ ಕಣಗಳ ಆ ಕಂದು ಹುಡಿ ಬ್ಯಾಟರಿಯೊಳಗೆ ಕೂತು, ಈಗಿನದಕ್ಕಿಂತ ಹೆಚ್ಚು ವಿದ್ಯುತ್ತನ್ನು ಹಿಡಿದಿಟ್ಟೀತೆಂಬುದು ನನ್ನ ಮತ್ತು ನಸೀಮಾಳ ಆಸೆ. ಪುತ್ತೂರಿನ ಕಾಲೇಜೊಂದರಲ್ಲಿ ನಾನು ಭೌತಶಾಸ್ತ್ರ ಕಲಿಸುವವಳು, ಕಬಕದ ನಸೀಮಾ ರಸಾಯನಶಾಸ್ತ್ರದವಳು. ಪಂಪಿನಿಂದ ಗಾಳಿ ತೆಗೆದ ಕೊಳವೆಗೆ ಸೈಲೇನ್ ಎಂಬ ಅನಿಲವನ್ನು ತುಸುತುಸುವೇ ಬಿಟ್ಟು, ವಿದ್ಯುತ್ತಿನಿಂದ ಕೆರಳಿಸಿದರೆ ನೇರಳೆ ಬೆಳಕು ಏಳುತ್ತದೆ. ಅದೇ ಪ್ಲಾಸ್ಮಾ, ಕಣಗಳ ಹೆರಿಗೆಮನೆ. ಆದರೆ ಸೈಲೇನಿಗೆ ಹೊರಗಿನ ಗಾಳಿ ತಾಗಿದರೆ ಸಾಕು, ಕಿಡಿಯ ಹಂಗಿಲ್ಲದೆ ಹೊತ್ತಿಕೊಳ್ಳುತ್ತದೆ.

ಕಳೆದ ಬೇಸಗೆಯ ಒಂದು ಮಧ್ಯಾಹ್ನ, ಅಕಾಲದ ಮಳೆಯ ನಡುವೆ, ಇದ್ದಕ್ಕಿದ್ದಂತೆ ಸಿಡಿಲು ಬಡಿದು ಕರೆಂಟು ಹೋಯಿತು. ನೇರಳೆ ಬೆಳಕು ಆರಿತು, ಪಂಪು ನಿಂತಿತು, ಇಂಥ ಹೊತ್ತಿಗೆಂದೇ ಇಟ್ಟ ಯುಪಿಎಸ್ ಕೂಡ ಕೈಕೊಟ್ಟಿತು. ಅನಿಲದ ವಾಲ್ವು ತಾನಾಗಿ ಮುಚ್ಚಿಕೊಳ್ಳಬೇಕಿತ್ತು; ಆದರೆ ಒತ್ತಡ ತೋರಿಸುವ ಮುಳ್ಳು ಮೆಲ್ಲಗೆ ಮೇಲೇರುತ್ತಿತ್ತು.

"ವಾಲ್ವು ಲೀಕ್ ಉಂಟು ಮಾರಾಯ್ತಿ," ಎಂದಳು ನಸೀಮಾ. "ಸಿಲಿಂಡರನ್ನೇ ಬಂದ್ ಮಾಡ್ಬೇಕು. ನಾನು ಹೋಗುದು."

ಸಿಲಿಂಡರ್ ಇದ್ದದ್ದು ಅಂಗಳದಾಚೆ, ತಗಡು ಹೊದೆಸಿದ ಮಾಡಿನಡಿ.

"ಸಿಡಿಲು ಬೀಳ್ತಾ ಉಂಟು, ನಿಲ್ಲು!" ಎಂದೆ.

"ನಿಂತು ಎಂತ ಮಾಡುದು? ನೀನು ಮುಳ್ಳು ನೋಡು. ಕೆಂಪು ಗೆರೆ ದಾಟಿದ್ರೆ ಓಡು, ನನ್ನನ್ನು ಕಾಯ್ಬೇಡ."

ಅವಳು ಮಳೆಗಿಳಿದಳು. ನಾಳೆಯ ಮನೆಗಳನ್ನು ಬೆಳಗಬೇಕಾದ ಶಕ್ತಿಯ ಬಗ್ಗೆ ತರಗತಿಯಲ್ಲಿ ಎಷ್ಟು ಸರಾಗವಾಗಿ ಮಾತಾಡಿದವಳು ನಾನು! ಈಗ ಆ ಶಕ್ತಿಗೂ ನನಗೂ ನಡುವೆ ಉಳಿದದ್ದು ಕೊಳವೆಯ ಬಾಯಿಗೆ ಬಿಗಿದ, ಒತ್ತಡ ಹೆಚ್ಚಿದರೆ ಕಿತ್ತುಬರುವ ಒಂದು ರಬ್ಬರ್ ಬಳೆ, ಮತ್ತು ಎಲ್ಲೋ ಒದ್ದೆ ತಿರುಪನ್ನು ತಿರುಗಿಸಲು ಹೆಣಗುತ್ತಿರುವ ಗೆಳತಿಯ ಮಣಿಕಟ್ಟು. ಹೊರಗೆ ಮತ್ತೊಂದು ಸಿಡಿಲು. ಅವಳ ಹೆಸರು ಕೂಗಿದೆ. ಮುಳ್ಳು ಕೆಂಪು ಗೆರೆಯ ಅಂಚಿಗೆ ಬಂತು. ಓಡಬೇಕಿತ್ತು; ಮುಳ್ಳನ್ನೇ ನೋಡುತ್ತ ನಿಂತೆ.

ಮುಳ್ಳು ಒಮ್ಮೆ ಅದುರಿ, ಅಲ್ಲೇ ನಿಂತಿತು.

ನಸೀಮಾ ತೊಯ್ದು ತೊಪ್ಪೆಯಾಗಿ ಬಂದು ಬಾಗಿಲಲ್ಲೇ ಕುಸಿದು ಕೂತಳು. ಕರೆಂಟು ಬಂದು, ಪಂಪು ಕೊಳವೆಯ ಅನಿಲವನ್ನೆಲ್ಲ ಅಪಾಯವಿಲ್ಲದಂತೆ ಎಳೆದು ಖಾಲಿ ಮಾಡುವವರೆಗೆ ನಾನು ಮುಳ್ಳಿನಿಂದ ಕಣ್ಣು ತೆಗೆಯಲಿಲ್ಲ. ಆಗ ಅವಳ ಫೋನು ಬಡಿದುಕೊಂಡಿತು. ಕಬಕದಿಂದ ಅವಳ ತಾಯಿ. ಬ್ಯಾರಿ ಭಾಷೆಯ ಆ ಮಾತು ನನಗೂ ಕೇಳಿಸಿತು: ಗುಡುಗು ಜೋರುಂಟು, ನೀನು ಎಂತ ಮಾಡ್ತಾ ಇದ್ದೀ?

"ಎಂತ ಇಲ್ಲ ಉಮ್ಮಾ, ಗ್ಯಾಸ್ ಬಂದ್ ಮಾಡಿದ್ದಷ್ಟೆ."

ಒಳ್ಳೆದಾಯ್ತು, ಮಳೆ ಬಿಡುವವರೆಗೆ ಚಹಾಕ್ಕೂ ಒಲೆ ಹಚ್ಚಬೇಡ, ಎಂದರು ಉಮ್ಮ.

ನಸೀಮಾ ನಗಲು ಹೊರಟವಳು ಒದ್ದೆ ತೋಳಿನಲ್ಲಿ ಮುಖ ಮುಚ್ಚಿಕೊಂಡಳು. ಅವಳ ಕೈಯಿಂದ ಫೋನನ್ನು ನಾನೇ ತೆಗೆದುಕೊಂಡು, "ಹೆದರ್ಬೇಡಿ ಉಮ್ಮಾ, ನನ್ನ ಹತ್ತಿರವೇ ಇದ್ದಾಳೆ," ಎಂದೆ.