ಎಳೆ ಸೇರಿಸುವ ಶಿವನಂಜಮ್ಮ

ಕೊಳ್ಳೇಗಾಲದ ನಮ್ಮ ಬೀದಿಯಲ್ಲಿ ಶಿವನಂಜಮ್ಮನವರ ಬಾಯಿಗೆ ಬೀಳದವರಿಲ್ಲ. ಮೂವತ್ತು ವರ್ಷ ವಿಜ್ಞಾನ ಪಾಠ ಮಾಡಿ ನಿವೃತ್ತನಾದ ನನ್ನನ್ನೂ ಅವರು ಬಿಟ್ಟಿಲ್ಲ. ಬಾಯಿ ಹಾಗೆ ಓಡುತ್ತಿರುವಾಗಲೇ ಕೈ ತನ್ನ ಪಾಡಿಗೆ ಕೆಲಸ ಮಾಡುತ್ತಿರುತ್ತದೆ. ಮಗ್ಗದಲ್ಲಿ ಮುಗಿಯುತ್ತ ಬಂದ ರೇಷ್ಮೆ ಹಾಸಿನ, ಅಂದರೆ ಉದ್ದಕ್ಕೆ ಹಾಸಿದ ನೂಲಿನ, ಒಂದೊಂದು ಎಳೆಗೂ ಹೊಸ ಹಾಸಿನ ಎಳೆ ಸೇರಿಸುವ ಕೆಲಸ. ಬೆರಳಿಗೆ ಚಿಟಿಕೆ ಬೂದಿ, ಒಂದು ಹೊಸೆತ, ಮುಗಿಯಿತು. ಇಂಥವು ಒಂದು ಹಾಸಿನಲ್ಲಿ ನಾಲ್ಕೈದು ಸಾವಿರ.

ಹೋದ ವರ್ಷ ಸಕ್ಕರೆ ಕಾಯಿಲೆ ಅವರ ಕಣ್ಣಿಗಿಳಿಯಿತು. ದೃಷ್ಟಿ ಪೂರ್ತಿ ಮಂಜಾಗುವ ಮೊದಲು ಸೊಸೆ ಇಂಚರಳಿಗೆ ಕಲಿಸಬೇಕು. ಬೀದಿಯಲ್ಲಿ ಬೇರೆ ಯಾರಿಗೂ ಈ ಕೆಲಸ ಬರುವುದಿಲ್ಲ. ಸಲಹೆ ಕೊಡಲು ನಾನಿದ್ದೆನಲ್ಲ! "ಒಂದೊಂದು ಹಂತವನ್ನೂ ಬಾಯಲ್ಲಿ ಹೇಳಿ ಮಾಡಿ ತೋರಿಸಿ" ಎಂದೆ.

"ಮೊದ್ಲು ಎಬ್ಬೆಟ್ಟು..." ಎಂದು ಶುರು ಮಾಡಿದವರು ಅಲ್ಲೇ ನಿಂತರು. ಎಳೆ ಪಟ್ಟನೆ ಕಿತ್ತುಬಂತು. ಇನ್ನೊಂದೂ ಕಿತ್ತುಹೋಯಿತು.

"ನೀವ್ ಕೇಳಿದ್ದೇ ತಡ, ಕೈಯೇ ಮರ್ತೋಯ್ತಲ್ಲ ಮೇಷ್ಟ್ರೇ! ಐವತ್ತೊರ್ಸದಲ್ಲಿ ಇಂಗಾಗಿರ್ಲಿಲ್ಲ" ಎಂದು ಬೈದರು.

"ನಿಮ್ಗೇ ಇಂಗಾದ್ರೆ ನಂಗೆಲ್ಲಿ ಬಂದದು, ಬುಡಿ ಅತ್ತೆ" ಎಂದು ಇಂಚರ ಎದ್ದೇಬಿಟ್ಟಳು.

ನನಗೆ ನಾಚಿಕೆಯಾಯಿತು. ಪಾಠ ಮಾಡಿದವನಿಗೇ ಪಾಠ ಮರೆತಿತ್ತು. ಸಾವಿರಾರು ಸಲ ಮಾಡಿದ ಕೆಲಸವನ್ನು ಮಿದುಳು ತನ್ನ ಬೇರೊಂದು ಭಾಗಕ್ಕೆ ವಹಿಸಿಬಿಡುತ್ತದೆ. ಆ ಭಾಗಕ್ಕೆ ಮಾತು ಬರುವುದಿಲ್ಲ. ಸೈಕಲ್ ಹೊಡೆಯುವವನು ಕಾಲು ನೋಡಿಕೊಂಡು ತುಳಿದರೆ ಬೀಳುವುದೇ. ಹೊಸಬರು ಮಾತ್ರ ತಪ್ಪಿ, ಮತ್ತೆ ಮಾಡಿ, ಆ ಭಾಗಕ್ಕೆ ದಾರಿ ಸವೆಸಬೇಕು.

"ಶಿವನಂಜಮ್ಮ, ನೀವು ಬೀದಿ ಸುದ್ದಿ ಹೇಳಿ. ಇಂಚರ, ನೀನು ಅತ್ತೆಯ ಕೈ ನೋಡುತ್ತ ಜೊತೆಗೇ ಮಾಡಮ್ಮ" ಎಂದೆ.

ಅಂಥ ಅಪ್ಪಣೆ ಸಿಕ್ಕಮೇಲೆ ಕೇಳಬೇಕೆ? ಮೂರು ತಿಂಗಳು ಬೀದಿಯಲ್ಲಿ ಒಬ್ಬರ ಮಾನವೂ ಉಳಿಯಲಿಲ್ಲ. ಇಂಚರ ದಿನಾ ಕಿತ್ತಳು, ಹೊಸೆದಳು, ಅತ್ತಳು. ರಾತ್ರಿ ಮಲಗಿ ಎದ್ದರೆ ನಿನ್ನೆಗಿಂತ ಕೈ ಸ್ವಲ್ಪ ಸಲೀಸು.

ಮೊನ್ನೆ ನಾನು ಹೋದಾಗ ಅವಳು ಯಳಂದೂರು ಬಸ್ಸಿನ ಜಗಳ ಹೇಳುತ್ತಿದ್ದಳು. "ಟವಲ್ ಹಾಕ್ಬುಟ್ರೆ ಸೀಟು ಅವ್ನುದಾಯ್ತದಾ ಅತ್ತೆ? ತಗ್ದು ಬಿಸಾಕ್ದೆ!" ಆ ಭರದಲ್ಲಿ ಬೆರಳುಗಳು ಒಂದಾದ ಮೇಲೊಂದು ಎಳೆ ಸೇರಿಸುತ್ತಿದ್ದವು. ಒಂದೂ ಕಿತ್ತುಬರಲಿಲ್ಲ. ಅವಳಿಗೆ ಅದರ ಗಮನವೇ ಇಲ್ಲ.

"ಭಲೇ" ಎನ್ನಲು ನಾನು ಬಾಯಿ ತೆರೆದೆ. ಶಿವನಂಜಮ್ಮ ಕೈಸನ್ನೆ ಮಾಡಿ ತಡೆದರು. ಹೊಗಳಿದರೆ ಎಲ್ಲಿ ಕೈ ನಿಂತೀತೋ ಎಂಬ ಭಯ. ಸೊಸೆಯ ಬೆರಳುಗಳ ಹತ್ತಿರಕ್ಕೆ ಬಗ್ಗಿ, ಆ ಮಂಜುಗಣ್ಣಿನಲ್ಲೇ ನೋಡಿದರು. ಕಣ್ಣು ತುಂಬಿ ಬಂತು. ಸೆರಗಿನಿಂದ ಒರೆಸಿಕೊಂಡು, "ಆಮ್ಯಾಕೆ ಏನಾಯ್ತವ್ವ?" ಎಂದಷ್ಟೇ ಕೇಳಿದರು.