ಕಾಗೆಗೆ ಕೊಟ್ಟ ಮಾತು

ಮೊನ್ನೆ ಸಂತೆಯಿಂದ ಒಂದು ಬಾಟಲಿ ಕುಸುಬಿ ಎಣ್ಣೆ ತಂದೆ. ಗಾಣದಿಂದ ಇಳಿಸಿದ್ದು ಎಂದು ಮಾರುವವನು ಹೇಳಿದ್ದ, ನಾನು ನಂಬಿರಲಿಲ್ಲ. ಮನೆಗೆ ಬಂದು ಮುಚ್ಚಳ ತೆಗೆದಾಗ ಮೂಗು ನಂಬಿತು. ಎಣ್ಣೆ, ಹಿಂಡಿ, ಎತ್ತಿನ ಬೆವರು, ಹಣೆಯ ವಿಭೂತಿ... ಅಷ್ಟೂ ಸೇರಿದ ಒಂದು ವಾಸನೆ ಇತ್ತು, ಕರಜಗಿಯಲ್ಲಿ, ನಮ್ಮ ಗೋಡೆಯಾಚೆಯ ಮನೆಯಲ್ಲಿ. ಆ ಮನೆಯ ಯಜಮಾನಿಯನ್ನು ಊರೆಲ್ಲ ಗಾಣದ ಆಯಿ ಎನ್ನುತ್ತಿತ್ತು.

ಆಯಿಯ ಗಂಡ ತೀರಿ ಬಹಳ ವರ್ಷವಾಗಿತ್ತು. ಒಂದು ಎತ್ತು, ಒಂದು ಗಾಣ, ಇಷ್ಟರಲ್ಲೇ ಬದುಕಿದ್ದಳು. ಅವರು ಲಿಂಗಾಯತರು. ಗಂಡನನ್ನು ಅಂಗೈಯಲ್ಲಿ ಲಿಂಗ ಇಟ್ಟು, ಕೂತ ಹಾಗೆಯೇ ತಮ್ಮ ಹೊಲದಲ್ಲಿ ಸಮಾಧಿ ಮಾಡಿದ್ದರು. ತಿಥಿ ಇಲ್ಲ, ಪಿಂಡ ಇಲ್ಲ. "ಜೀವ ಲಿಂಗದಾಗ ಕೂಡತು, ಮುಗೀತು. ಹೋದಾಂವ ಮತ್ತ ಹೊಳ್ಳಿ ಬರಾಕ ಏನು ಮಟಕಿ ಊರಿಗೆ ಹೋಗ್ಯಾನೇನು?" ಎನ್ನುತ್ತಿದ್ದಳು. ನಮ್ಮದು ಹೆಣ ಸುಡುವ ಮನೆತನ. ಸತ್ತವರು ಹತ್ತನೆಯ ದಿನ ಕಾಗೆಯಾಗಿ ಬಂದು ಕೂಳು ಮುಟ್ಟುತ್ತಾರೆ ಎಂದು ಅವ್ವ ನಂಬಿದ್ದಳು. ಗೋಡೆಯ ಈಚೆ ಅವ್ವ, ಆಚೆ ಆಯಿ, ಇಬ್ಬರೂ ಜೋಳ ಹಸನು ಮಾಡುತ್ತ ಇದರ ಮೇಲೆ ಜಗಳಾಡುತ್ತಿದ್ದರು. ಕೊನೆಗೆ ಆಯಿಯೇ ಅನ್ನುತ್ತಿದ್ದಳು: "ಇಬ್ಬರಾಗ ಯಾರು ಮೊದಲು ಸಾಯ್ತೀವೋ ಅವರಿಗೆ ಗೊತ್ತಾಗ್ತದ ಬಿಡು. ಹೇಳಾಕ ಮಾತ್ರ ಬಾಯಿ ಇರೂದಿಲ್ಲ."

ನನ್ನನ್ನು ಓದಿಸಬೇಕು ಎಂಬ ಹುಚ್ಚು ಅಪ್ಪನದು. ಅದಕ್ಕೊಂದು ಕಾರಣವಿತ್ತು. ಮಟಕಿಯಲ್ಲಿದ್ದ ಅಪ್ಪನ ಅಕ್ಕ ತೀರಿಕೊಂಡಾಗ ಒಂದು ಕಾಗದ ಬಂದಿತ್ತು. ಮನೆಯಲ್ಲಿ ಓದುವವರಿಲ್ಲ. ಸುಗ್ಗಿಯ ಗದ್ದಲದಲ್ಲಿ ಕಾಗದ ಗೋಡೆಯ ಗೂಡಿನಲ್ಲೇ ಕುಳಿತಿತು. ಯಾರೋ ಓದಿ ಹೇಳುವಷ್ಟರಲ್ಲಿ ಹತ್ತನೆಯ ದಿನವೂ ದಾಟಿತ್ತು. "ನನ್ನಕ್ಕ ಹೊಳ್ಳಿ ನೋಡಿರಬೇಕು, ತಮ್ಮ ಬಂದಾನೇನು ಅಂತ" ಎಂದು ಅಪ್ಪ ಗೂಡಿನ ಮುಂದೆ ಕೂತು ಅತ್ತದ್ದು ನನಗೆ ನೆನಪಿದೆ. ಮರುದಿನವೇ ನನ್ನ ಕೈ ಹಿಡಿದು ಉರ್ದು ಶಾಲೆಗೆ ಕರೆದುಕೊಂಡು ಹೋದ. ಆಗ ನಮ್ಮದು ನಿಜಾಮನ ಸೀಮೆ, ಇದ್ದದ್ದು ಆ ಶಾಲೆಯೊಂದೇ. ಹುಡುಗಿ ಎಂದರೆ ನಾನೊಬ್ಬಳೇ.

ನಲವತ್ತೇಳರ ಮಳೆಗಾಲದ ಕೊನೆಗೆ ಅಪ್ಪ ಚಳಿಜ್ವರದಲ್ಲಿ ಹೋದ. ನನಗೆ ಹನ್ನೊಂದು ವರ್ಷ. ಅಪ್ಪ ಈಗ ಎಲ್ಲಿದ್ದಾನೆ ಎಂದು ಉರ್ದು ಮಾಸ್ತರರನ್ನು ಕೇಳಿದೆ. ಅವರು ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡು, "ಎಲ್ಲಾರೂ ಮಲಗ್ಯಾರ ಬೇಟಿ. ಅಲ್ಲಾ ಕರಿಯೂ ದಿನ ಬಂದಾಗ ಏಳ್ತಾರ" ಎಂದರು. ಆಯಿಯನ್ನು ಕೇಳಿದೆ. "ನನಗೇನು ಗೊತ್ತವ್ವ, ನಾ ಇಲ್ಲೇ ಇದ್ದೇನಿ" ಎಂದಳು. ಅವ್ವನನ್ನು ಕೇಳಲಿಲ್ಲ. ಅವಳು ಹತ್ತನೆಯ ದಿನಕ್ಕೆ ದಿನ ಎಣಿಸುತ್ತಿದ್ದಳು.

ಆ ದಿನ ಭೀಮಾನದಿಯ ದಂಡೆಯಲ್ಲಿ ಬಾಳೆಲೆ ಹಾಸಿ ಪಿಂಡ ಇಟ್ಟರು. ಪಕ್ಕದಲ್ಲಿ ಅಪ್ಪನಿಗೆ ಇಷ್ಟವಾದ ಜೋಳದ ರೊಟ್ಟಿ, ಮೇಲೆ ಕುಸುಬಿ ಎಣ್ಣೆ. ದೀಪಕ್ಕೆ ಎಣ್ಣೆ ತಂದಿದ್ದ ಆಯಿ ಹೆಂಗಸರ ಜೊತೆ ದೂರ ನಿಂತಿದ್ದಳು. ಜಾಲಿಗಿಡದ ಮೇಲೆ ಕಾಗೆ ಇತ್ತು. ಬರಲಿಲ್ಲ.

ಕಾಗೆ ಬಾರದಿದ್ದರೆ ಸತ್ತವರ ಆಸೆ ಏನೋ ಉಳಿದಿದೆ ಎಂದು ಲೆಕ್ಕ. ಮನೆಯವರು ಮಾತು ಕೊಡಬೇಕು. ಅಪ್ಪನ ತಮ್ಮ, ನಮ್ಮ ಕಾಕಾ, ಕೈ ಮುಗಿದ: "ಅಣ್ಣಾ, ನಿನ್ನ ಹೊಲ ಬೀಳು ಬಿಡೂದಿಲ್ಲ, ಬಾ." ಕಾಗೆ ಅಲುಗಲಿಲ್ಲ. "ನಿನ್ನ ಹೆಂಡ್ತಿ, ನಮ್ಮ ವೈನಿ, ಅಕಿಗೆ ಕೂಳಿಗೆ ಕಡಿಮಿ ಮಾಡೂದಿಲ್ಲ, ಬಾ." ಕಾಗೆ ಕೊಂಬೆಗೆ ಕೊಕ್ಕು ಉಜ್ಜಿತು. "ನಿನ್ನ ಮಗಳನ್ನ ಈ ವರ್ಷನೇ ಕೊಳಕೂರಿನ ಮನಿತನಕ್ಕ ಕೊಟ್ಟು ಲಗ್ನಾ ಮಾಡ್ತೇನಿ!" ಕಾಗೆ ಹಾರಿ ಇನ್ನೂ ಮೇಲಿನ ಕೊಂಬೆಗೆ ಹೋಯಿತು.

ಅವ್ವ ಬಾಯಿಗೆ ಸೆರಗು ಒತ್ತಿಕೊಂಡಳು. ಹೊತ್ತು ನೆತ್ತಿಗೆ ಬಂತು. ಆಗ ಆಯಿ ಎಣ್ಣೆಯ ಗಡಿಗೆ ಕೆಳಗಿಟ್ಟು ಎಲೆಯ ಹತ್ತಿರ ನಡೆದಳು.

ಕಾಕಾ ತಡೆದ. "ಆಯಿ, ನಿಮ್ಮ ಮಂದಿಗೆ ಕಾಗಿ ಯಾಕ ಬೇಕ್ರಿ?"

"ನನಗ ಬ್ಯಾಡ ತಮ್ಮಾ. ನಿನಗ ಬೇಕಲ್ಲ, ಸುಮ್ಮನಿರು."

ಬಲಗೈ ಮೇಲೆತ್ತಿ, ಗಾಣದ ಅಂಗಳದಲ್ಲಿ ಮಾತಾಡುವ ದನಿಯಲ್ಲೇ ಹೇಳಿದಳು: "ಕೇಳಪಾ. ನಿನ್ನ ಮಗಳ ಓದು ನಿಲ್ಲೂದಿಲ್ಲ. ಕಾಗದಾ ಓದಾಕ ಬಂದ್ರ ಸಾಕು ಅನ್ನೂದಿಲ್ಲ, ಅಕಿ ತಾನೇ ಸಾಕು ಅನ್ನೂತನಕ ಓದಸ್ತೇನಿ. ಗಾಣದಾಕಿ ಹೇಳಾಕತ್ತೇನಿ."

ಕಾಗೆ ಇಳಿಯಿತು. ನೇರ ರೊಟ್ಟಿಗೆ ಬಾಯಿ ಹಾಕಿತು, ಆಮೇಲೆ ಪಿಂಡಕ್ಕೆ. ಅವ್ವ ಅಲ್ಲೇ ನೆಲಕ್ಕೆ ಕುಸಿದು ಕೈ ಮುಗಿದಳು. ಕಾಕಾನ ಮುಖ ಬಿಳುಪೇರಿತ್ತು. ಊರ ಮುಂದೆ, ಕಾಗೆಯ ಮುಂದೆ ಆದ ಮಾತು. ಕಾಗೆಯನ್ನು ನಂಬುವ ಅವನಿಗೆ ಅದನ್ನು ಮುರಿಯುವ ಧೈರ್ಯ ಇರಲಿಲ್ಲ. ಕೊಳಕೂರಿಗೆ ಹೋಗಬೇಕಾಗಿದ್ದ ಎಲೆ ಅಡಿಕೆ ಹೋಗಲಿಲ್ಲ.

ಮರುದಿನ ಬೆಳಿಗ್ಗೆ ಗೋಡೆಯ ಮೇಲಿಂದ ಇಣುಕಿದೆ. ಆಯಿ ಗಾಣ ಬಳಿದು, ಹಿಂಡಿಯ ಚೂರು ಹಿಡಿದು ಬಲಗೈ ಮೇಲೆತ್ತಿದಳು. ಬೇವಿನ ಗಿಡದಿಂದ ಐದಾರು ಕಾಗೆ ದಡದಡ ಇಳಿದವು. ದಿನಾ ನೋಡಿದ್ದೇ. ಅಂದು ಬೇರೆ ಕಂಡಿತು.

"ಆಯಿ, ನಿನ್ನೆ ಅಪ್ಪ ಬಂದಿದ್ದನೋ, ನಿನ್ನ ಕೈ ನೋಡಿ ಕಾಗಿ ಬಂತೋ?"

ಅವಳು ಕೈಗೆ ಹತ್ತಿದ ಹಿಂಡಿ ಒರೆಸಿಕೊಂಡಳು. "ಕಾಗಿಗೆ ಹಸಿವಾಗಿತ್ತು, ತಿಂದು ಹೋತು. ನಿನ್ನವ್ವನ ಮುಂದ ಇದನ್ನ ಕೇಳಬ್ಯಾಡ. ಅಪ್ಪ ಬಂದಿದ್ನೋ ಇಲ್ಲೋ, ಮಾತು ಕೊಟ್ಟಾಕಿ ನಾ ಇದ್ದೇನಲ್ಲ."

ಆ ಮಾತು ಅಗ್ಗವಾಗಿರಲಿಲ್ಲ. ಚಳಿಗಾಲಕ್ಕೆ ಸೀಮೆಯಲ್ಲಿ ದಂಗೆಯ ಸುದ್ದಿ ಎದ್ದಿತು. ಮಾಸ್ತರರು ತಮ್ಮ ಊರಿಗೆ ಹೋದರು, ಶಾಲೆಗೆ ಬೀಗ ಬಿತ್ತು. ನದಿಯ ಆಚೆ ಬೇರೆ ಸರ್ಕಾರ, ಅಲ್ಲಿ ಕನ್ನಡ ಶಾಲೆ ಇತ್ತು, ಆಯಿಯ ತಂಗಿಯ ಮನೆಯೂ ಇತ್ತು. ಸೋಮವಾರ ಹೋಗಿ ಶನಿವಾರ ಬರುವುದು ಎಂದು ಗೊತ್ತಾಯಿತು. ಹೊಳೆಯಲ್ಲಿ ಮೊಣಕಾಲು ನೀರು, ನಡುವೆ ಉಸುಕು. ಎತ್ತಿನ ಮೇಲೆ ಕೂರಿಸಿ ದಾಟಿಸಬೇಕು. ನಮ್ಮೆರಡು ಮನೆಗೆ ಎತ್ತು ಇದ್ದದ್ದು ಗಾಣದ್ದೊಂದೇ. ಕಾಕಾ ಅದನ್ನು ಹೊಡೆದುಕೊಂಡು ಬಂದ. ಹೊಳೆ ತುಂಬುವ ತನಕ ಒಂದು ವಾರವೂ ತಪ್ಪಿಸಲಿಲ್ಲ.

ಒಂದು ಶನಿವಾರ ಶಾಲೆ ಬೇಗ ಬಿಟ್ಟು, ನಾನು ಆಯಿಯ ತಂಗಿಯ ಜೊತೆ, ಮೇಲಿನ ಕಡೆ ನೀರು ಕಡಿಮೆ ಇದ್ದಲ್ಲಿ ಹೊಳೆ ದಾಟಿ, ನಡೆದೇ ಬಂದೆ. ಎತ್ತು ಅದಾಗಲೇ ನನ್ನನ್ನು ತರಲು ಹೊಳೆಗೆ ಹೋಗಿತ್ತು. ಆದರೂ ಅಂಗಳದಲ್ಲಿ ಗಾಣ ಕಿರ್ ಕಿರ್ ಎನ್ನುತ್ತಿತ್ತು. ಇಣುಕಿದೆ. ಎತ್ತಿನ ಜಾಗದಲ್ಲಿ ಆಯಿ ಮತ್ತು ಅವ್ವ. ಗಾಣದ ಉದ್ದ ಮರಕ್ಕೆ ಇಬ್ಬರೂ ಎದೆ ಕೊಟ್ಟು ಸುತ್ತುತ್ತಿದ್ದರು. ಅಪ್ಪನ ಹತ್ತನೆಯ ದಿನ ಮುಗಿದ ಮೇಲೆ ಹೊಸ್ತಿಲು ದಾಟದಿದ್ದ ಅವ್ವ! ಸುತ್ತುತ್ತಲೇ ವಾದ ನಡೆದಿತ್ತು.

"ಅವರು ಮ್ಯಾಲಿಂದ ನೋಡಾಕತ್ಯಾರ ಆಯಿ."

"ನೋಡಿದ್ರ ಇಳದು ಬಂದು ಒಂದು ಸುತ್ತ ನೂಕಂತ ಹೇಳು, ನನ್ನ ಸೊಂಟ ಹೋಗೇದ."

ಅವ್ವ ನಕ್ಕಳು. ಅಪ್ಪ ಹೋದ ಮೇಲೆ ಅವಳ ನಗು ನಾನು ಕೇಳಿದ್ದು ಅದೇ ಮೊದಲು...

ನಲವತ್ತೆಂಟರ ಮಳೆಗಾಲ ಮುಗಿಯುವಾಗ ರಾಜ್ಯ ಬದಲಾಯಿತು. ಈಚೆ ದಂಡೆಯಲ್ಲೂ ಕನ್ನಡ ಶಾಲೆ ಬಂತು, ಎತ್ತು ಗಾಣಕ್ಕೆ ಮರಳಿತು. ಮುಂದೆ ಅಫಜಲಪುರ, ಆಮೇಲೆ ಗುಲ್ಬರ್ಗಾದ ಕಾಲೇಜು. ನಮ್ಮ ಮನೆತನದಲ್ಲಿ ಸಹಿ ಹಾಕಿದ ಮೊದಲಿಗಳೂ ನಾನೇ, ಬಿ.ಎ. ಮಾಡಿದ ಮೊದಲಿಗಳೂ ನಾನೇ. ಇದನ್ನು ಹೇಳಲು ನನಗೆ ಸಂಕೋಚವಿಲ್ಲ. ಇಬ್ಬರು ಹೆಂಗಸರ ಎದೆಯ ಮೇಲೆ ಮರದ ಗುರುತು ಬಿದ್ದು ಬಂದ ಪದವಿ ಅದು.

ಪದವಿಯ ಕಾಗದ ತಂದು ಆಯಿಯ ಕೈಗೆ ಕೊಟ್ಟೆ. ವಯಸ್ಸಿಗೆ ಅವಳ ಕಣ್ಣು ಮಂಜಾಗಿತ್ತು. ಎಣ್ಣೆ ಹತ್ತೀತೆಂದು ಸೆರಗಿನಲ್ಲಿ ಹಿಡಿದು ಅಂಗಳಕ್ಕೆ ಹೋದಳು. ಬೇವಿನ ಗಿಡದ ಕಡೆ ಎತ್ತಿ ತೋರಿಸಿದಳು: "ನೋಡಪಾ, ಕೊಟ್ಟ ಮಾತು ಮುಟ್ಟಸೇನಿ."

"ನೀ ಇದನ್ನೆಲ್ಲಾ ನಂಬೂದಿಲ್ಲಲ್ಲ, ಆಯಿ?"

"ನಂಬೂದಿಲ್ಲ. ಆದ್ರ ಹೇಳೂದು ಹೇಳಬೇಕಲ್ಲ. ಒಂದು ವ್ಯಾಳ್ಯಾ ಅಂವ ಅಲ್ಲಿದ್ರ?"

ಎರಡು ವರ್ಷದ ಮೇಲೆ ಆಯಿ ಹೋದಳು. ಅಂಗೈಯಲ್ಲಿ ಲಿಂಗ ಇಟ್ಟು, ಗಂಡನ ಪಕ್ಕದಲ್ಲೇ ಕೂರಿಸಿದರು. ನಾನೂ ಒಂದು ಹಿಡಿ ಮಣ್ಣು ಹಾಕಿದೆ. ತನಗೆ ಕೂಳು ಇಡಬಾರದೆಂದು ಮೊದಲೇ ನನ್ನಿಂದ ಮಾತು ತೆಗೆದುಕೊಂಡಿದ್ದಳು. ಅವ್ವ ಮಾತ್ರ ಸಾಯುವ ತನಕ ಬೇವಿನ ಗಿಡ ನೋಡುತ್ತಿದ್ದಳು, ಇಬ್ಬರಿಗೂ ಕಾಯುವವಳ ಹಾಗೆ.

ಈಗ ನಾನು ಆಯಿಯ ವಯಸ್ಸನ್ನೂ ದಾಟಿದ್ದೇನೆ. ಅಪ್ಪ ಬಂದಿದ್ದನೋ, ಅವಳ ಕೈ ಕರೆದಿತ್ತೋ... ಓದಿದ್ದು ಇಷ್ಟಾದರೂ ಅದೊಂದು ನನಗೆ ತಿಳಿದಿಲ್ಲ.

ಮೊನ್ನೆ ಬಿಸಿ ರೊಟ್ಟಿಗೆ ಆ ಎಣ್ಣೆ ಹಾಕಿಕೊಂಡು ಕೂತಿದ್ದಾಗ ಕಾಂಪೌಂಡಿನ ಮೇಲೆ ಒಂದು ಕಾಗೆ ಬಂದು ಕುಳಿತಿತು. ಒಂದು ತುಂಡು ಮುರಿದು, ಎದ್ದು ನಿಂತು ಬಲಗೈ ಮೇಲೆತ್ತಿದೆ. "ಇದು ಆಯಿಗಲ್ಲ ಮತ್ತ" ಎಂದು ಗಟ್ಟಿಯಾಗಿಯೇ ಹೇಳಿದೆ. ಕೊಟ್ಟ ಮಾತು, ಮುರಿಯಬಾರದಲ್ಲ. ಕಾಗೆಗೆ ಹಸಿವಾಗಿತ್ತು, ತಿಂದು ಹೋಯಿತು. ನಾನು ಎತ್ತಿದ ಕೈ ಇಳಿಸದೆ ಇನ್ನೂ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದೆ.