ಗಿಡಕ್ಕೂ ಉಸಿರಿದೆ ಎಂದ ಹೆಡ್ವಿಗ್ ಪೆನ್ನರ್

ಕೆನಡಾದ ನಮ್ಮ ಮ್ಯಾನಿಟೋಬಾ ಬಯಲಿನ ಪ್ರೌಢಶಾಲೆಗಳಲ್ಲಿ ಜೀವಶಾಸ್ತ್ರವನ್ನು ಬಾಯಿಪಾಠ ಮಾಡಿಸಿದವರು ಅನೇಕರಿದ್ದಾರೆ. ಕಣ್ಣಾರೆ ತೋರಿಸಿದವರಲ್ಲಿ ಮೊದಲು ನೆನಪಾಗುವ ಹೆಸರು ಶ್ರೀಮತಿ ಹೆಡ್ವಿಗ್ ಪೆನ್ನರ್ ಅವರದು. ಪಕ್ಕದ ಕೊಠಡಿಯಲ್ಲಿ ರಸಾಯನಶಾಸ್ತ್ರ ಕಲಿಸುತ್ತ ಅವರ ಸೇವೆಯನ್ನು ಬಹುಕಾಲ ಕಂಡ ನನಗೆ ಈ ಅಭಿನಂದನ ಗ್ರಂಥದಲ್ಲಿ ನಾಲ್ಕು ಮಾತು ಬರೆಯುವ ಅವಕಾಶ ದೊರೆತಿದೆ. ಸಿಹಿ ಮಾತನ್ನೇ ಬರೆಯಬೇಕೆಂದು ಸೂಚನೆಯಿದೆ. ಪ್ರಯತ್ನಿಸುತ್ತೇನೆ.

ಕೆಲಸಕ್ಕೆ ಸೇರಿದ ಹೊಸತರಲ್ಲೇ ಅವರು ಮನೆಯಿಂದ ಈರುಳ್ಳಿ ತಂದು, ಅದರ ತೆಳುಪೊರೆಯನ್ನು ಒಂದು ಗಾಜಿನ ಮೇಲೂ ಮಕ್ಕಳ ಕೆನ್ನೆಯ ಒಳಗಿನಿಂದ ಕೆರೆದುದನ್ನು ಇನ್ನೊಂದರ ಮೇಲೂ ಇಟ್ಟು ಸೂಕ್ಷ್ಮದರ್ಶಕದಡಿ ತೋರಿಸಿದರು. ತೂಕಡಿಸುತ್ತಿದ್ದ ಒಬ್ಬನಿಗೆ, "ನೋಡೋ, ಈರುಳ್ಳಿಯ ಕೋಶಕ್ಕೆ ಗೋಡೆ ಇದೆ, ನಿನ್ನದಕ್ಕಿಲ್ಲ. ಅದಕ್ಕೇ ನೀನು ಹೀಗೆ ಜೋತುಬಿದ್ದಿರೋದು, ನೆಟ್ಟಗೆ ಕೂತ್ಕೋ!" ಎಂದು ಗದರಿದ್ದು ಗೋಡೆಯಾಚೆ ನನಗೂ ಕೇಳಿಸಿತ್ತು.

ವಲಯದ ಪಠ್ಯಸಮಿತಿಯ ಪುಸ್ತಕದಲ್ಲಿ ಎರಡು ಕೋಶಗಳ ಚಿತ್ರವಿತ್ತು: ಪ್ರಾಣಿಯದರಲ್ಲಿ ಶಕ್ತಿ ಒದಗಿಸುವ ಮೈಟೊಕಾಂಡ್ರಿಯ, ಸಸ್ಯದ್ದರಲ್ಲಿ ಅದರ ಬದಲು ಹಸಿರು ಕ್ಲೋರೊಪ್ಲಾಸ್ಟ್. ನಿಜವೆಂದರೆ ಮೈಟೊಕಾಂಡ್ರಿಯ ಎರಡರಲ್ಲೂ ಇದೆ. ಗಿಡ ಆಹಾರ ತಯಾರಿಸಿದರೆ ಸಾಲದು, ಉಸಿರಾಡಿ ಅದರಿಂದ ಶಕ್ತಿಯನ್ನೂ ಪಡೆಯಬೇಕು, ಆ ಕೆಲಸ ಮೈಟೊಕಾಂಡ್ರಿಯದ್ದು. ಹಾಗೆಯೇ ಬರೆದ ಟೆಸ್ಸಾ ವೀಬ್ ಎಂಬ ವಿದ್ಯಾರ್ಥಿನಿಯ ಉತ್ತರ ವಲಯದ ಪರೀಕ್ಷೆಯಲ್ಲಿ ತಪ್ಪೆನಿಸಿ, ಆ ಅಂಕದ ಕೊರತೆಯಿಂದ ಮೇಲಿನ ಜೀವಶಾಸ್ತ್ರ ತರಗತಿ ಅವಳ ಕೈತಪ್ಪಿತು. ಹೆಡ್ವಿಗ್ ಅವರು ಅಧ್ಯಾಪಕರ ಕೊಠಡಿಯಲ್ಲೇ ಮುಖ್ಯೋಪಾಧ್ಯಾಯ ಲೋರ್ನ್ ಫೆಹರ್ ಅವರನ್ನು ಹಿಡಿದು ನಿಲ್ಲಿಸಿದರು.

"ಪುಸ್ತಕದಲ್ಲಿ ಇದ್ದಂಗೆ ಹೇಳ್ಕೊಡಿ ಹೆಡ್ವಿಗ್. ಗಿಡದ ಪರ ವಕಾಲತ್ತು ಮಾಡೋಕೆ ನಿಮ್ಮನ್ನ ಇಟ್ಕೊಂಡಿಲ್ಲ," ಎಂದರು ಫೆಹರ್.

"ಹಾಗಾದ್ರೆ ರಾತ್ರಿಯೆಲ್ಲ ಗಿಡ ಉಸಿರು ಬಿಗಿಹಿಡ್ಕೊಂಡು ಕೂತಿರುತ್ತೇನ್ರೀ ಲೋರ್ನ್?"

ನಾವೆಲ್ಲ ನಕ್ಕೆವು. ಫೆಹರ್ ಅವರು ನಗಲಿಲ್ಲ. ಮುಂದಿನ ವರ್ಷದಿಂದ ಹೆಡ್ವಿಗ್ ಅವರ ಪಾಲಿಗೆ ಬಂದದ್ದು ಕಿರಿಯರಿಗೆ ಕೈತೊಳೆಯುವ ಕ್ರಮ ಹೇಳುವ ಆರೋಗ್ಯ ಪಾಠ, ನಿವೃತ್ತಿಯವರೆಗೂ ಅಷ್ಟೇ. ಶಾಲೆ ಬಿಟ್ಟ ಮೇಲೆ ಅವರು ಟೆಸ್ಸಾಳನ್ನು ಕೂರಿಸಿಕೊಂಡು ಮೇಲಿನ ತರಗತಿಯ ಪಾಠವನ್ನೆಲ್ಲ ಕಲಿಸಿದರು. ಆದರೆ ಅಂಕಪಟ್ಟಿಯಲ್ಲಿಲ್ಲದ ವಿದ್ಯೆಯನ್ನು ಯಾವ ಕಾಲೇಜೂ ಒಪ್ಪಲಿಲ್ಲ. ಹುಡುಗಿ ಜೀವಶಾಸ್ತ್ರವನ್ನೇ ಬಿಟ್ಟಳು. ಆ ಅನ್ಯಾಯವನ್ನು ಹೆಡ್ವಿಗ್ ಅವರು ಕ್ಷಮಿಸಿಲ್ಲ, ನಾನೂ ಕ್ಷಮಿಸಿಲ್ಲ.

ಮುಂದೆ ಪುಸ್ತಕದ ಹೊಸ ಮುದ್ರಣದಲ್ಲಿ ಚಿತ್ರ ಸದ್ದಿಲ್ಲದೆ ಸರಿಯಾಯಿತು. ಅವರ ತರಗತಿಯನ್ನು ಮಾತ್ರ ಯಾರೂ ಹಿಂದಿರುಗಿಸಲಿಲ್ಲ.

ನಿನ್ನೆ ಈ ಗ್ರಂಥದ ರಕ್ಷಾಪುಟದ ಕರಡು ನೋಡಿದೆ. ಎರಡು ಕೋಶಗಳು, ಅದೇ ಹಳೆಯ ಚಿತ್ರ, ಈಗ ಹೊಂಬಣ್ಣದಲ್ಲಿ. ಪ್ರಧಾನ ಸಂಪಾದಕರಾದ ಫೆಹರ್ ಅವರಿಗೆ ತಪ್ಪು ತೋರಿಸಿದೆ.

"ಬಣ್ಣ ಚೆನ್ನಾಗಿ ಬಂದಿದೆ ಅಲ್ವಾ? ಒಳಗೇನಿದೆ ಅಂತ ಯಾರು ನೋಡ್ತಾರೆ ಬಿಡಿ," ಎಂದರು. ಲೇಖನಗಳನ್ನೂ ಅವರು ಹಾಗೆಯೇ ಓದದೆ ಮುದ್ರಣಕ್ಕೆ ಕಳಿಸುವುದರಿಂದ ಈ ಬರಹವೂ ಅಚ್ಚಾಗುತ್ತದೆಂಬ ಭರವಸೆ ನನಗಿದೆ.

ಹೆಡ್ವಿಗ್ ಅವರೇ, ನಿಮಗೆ ಆಯುರಾರೋಗ್ಯ ಲಭಿಸಲಿ, ತಪ್ಪು ತಿದ್ದುವ ನಿಮ್ಮ ಕೆಲಸ ನಿಲ್ಲದಿರಲಿ. ಸನ್ಮಾನದ ದಿನ ನಿಮ್ಮ ಕೆಂಪು ಪೆನ್ಸಿಲನ್ನು ಮರೆಯದೆ ತನ್ನಿ, ರಕ್ಷಾಪುಟದಿಂದಲೇ ಶುರುಮಾಡಬೇಕಾಗಿದೆ.